ಐದನೆಯ ಸದ್ದು

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ನಮ್ಮ ಸಭಾಪಾಲಕರಾದ ಬಾಬು ಅಯ್ಯನವರೇ, ಕಾರವಾರದಿಂದ ಬಸ್ಸು ಹಿಡಿದು ಬಂದಿರುವ ಕಾರ್ಮಿಕ ಸಂಘದ ಗೆಳೆಯರೇ, ಅಂಕೋಲೆಯ ಈ ಪ್ರಾರ್ಥನಾ ಮಂದಿರಕ್ಕೆ ಹತ್ತು ವರ್ಷ ತುಂಬಿತೆಂದು ಸಂತೋಷದಿಂದ ಸೇರಿರುವ ಸಭಿಕರೇ, ಎರಡನೆಯ ಸಾಲಿನಲ್ಲಿ ಕುಳಿತಿರುವ ತಂಗಿ ಹೊನ್ನು,

ನನಗೆ ಶಾಲು ಹೊದಿಸಿದ್ದೀರಿ. ಈ ಬೊಮ್ಮುವಿನ ಸಾಕ್ಷಿ ಕೇಳಿ ಇಪ್ಪತ್ತು ಮನೆಗಳು ದೇವರ ಕಡೆ ತಿರುಗಿದವು ಎಂದು ಅಯ್ಯನವರು ಈಗಷ್ಟೇ ಹೇಳಿದರು. ಹೊಸಬರಿಗೆ ಒಂದು ಮಾತು. ಇಲ್ಲಿ ಸಾಕ್ಷಿ ಎಂದರೆ ಕೋರ್ಟಿನ ಸಾಕ್ಷಿ ಅಲ್ಲ. ಬುಧವಾರದ ಕೂಟದಲ್ಲಿ ಒಬ್ಬೊಬ್ಬರೇ ಎದ್ದು, ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದನೆಂದು ಹೇಳುತ್ತಾರೆ. ಅಡ್ಡಪ್ರಶ್ನೆ ಹಾಕುವ ವಕೀಲರಿಲ್ಲ. ನನಗೆ ಅದೇ ಅನುಕೂಲವಾಯಿತು.

ಇವತ್ತು ಈ ಮೈಕಿನ ಮುಂದೆ ಬರಲು ನನ್ನ ಕಾಲು ಹಿಂದೇಟು ಹಾಕಿತು. ಲಾಠಿ ಹಿಡಿದವರ ಎದುರು ನಿಂತು ಭಾಷಣ ಮಾಡಿದ ಕಾಲು ಇದು. ನಕ್ಕುಬಿಡಿ, ಪರವಾಗಿಲ್ಲ.

ನಾನು ದೇವರ ಮನುಷ್ಯನಾಗಿರಲಿಲ್ಲ. ಬಾಳೆಗುಳಿಯಿಂದ ಒಳಗೆ ಗುಡ್ಡದ ಕಲ್ಲು ಕ್ವಾರಿಯಲ್ಲಿ ಬಂಡೆ ಸಿಡಿಸುವ ಮದ್ದಿನ ಬತ್ತಿಗೆ ಬೆಂಕಿ ಹಚ್ಚುವವನು. ಸಂಘ ಕಟ್ಟಿದೆ. ಸಂಘ ನನಗೆ 'ನಾವು' ಎನ್ನಲು ಕಲಿಸಿತು. ನಾವು ಬಗ್ಗುವುದಿಲ್ಲ, ನಾವು ಬಿಡುವುದಿಲ್ಲ. ಎಷ್ಟು ಒಳ್ಳೆಯ ಮಾತು! ಅದರ ಹಿಂದೆ ಒಬ್ಬ ಮನುಷ್ಯ ಎಷ್ಟು ಚೆನ್ನಾಗಿ ಅಡಗಿಕೊಳ್ಳಬಹುದು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಕುಪ್ಪ ನನ್ನ ಜೊತೆ ಕೆಲಸ ಮಾಡುತ್ತಿದ್ದ. ಹೊನ್ನುವಿನ ಗಂಡ. ಈ ಮಂದಿರಕ್ಕೆ ಮೊದಲು ಬಂದವರಲ್ಲಿ ಒಬ್ಬ. ಮಧ್ಯಾಹ್ನ ಗಂಜಿ ಉಂಡು ಹೊನ್ನೆ ಮರದ ಬುಡದಲ್ಲಿ ಕೂತು ದೇವರೊಡನೆ ಮಾತಾಡುತ್ತಿದ್ದ. ಬಿಸಿಲು ಜೋರಾಯಿತು, ಹೆಂಡತಿಗೆ ಸೊಂಟ ನೋವು, ಇಂಥವೇ ಮಾತು. ನಿನ್ನ ದೇವರ ಹಾಜರಿ ಹಾಕಿದೆಯಾ ಎಂದು ನಾನು ಕೆಣಕುತ್ತಿದ್ದೆ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. "ನೀ ಮೈಕಿಲ್ದೇ ಒಂದ್ಸಲ ಮಾತಾಡಿ ನೋಡು ಬೊಮ್ಮಣ್ಣ" ಎನ್ನುತ್ತಿದ್ದ.

ಇನ್ನು ನೀವು ನೂರು ಸಲ ಕೇಳಿದ ಕಥೆಗೆ ಬರುತ್ತೇನೆ. ತೊಂಬತ್ತೊಂದರ ಮಾರ್ಚ್. ಬಂಡೆಯ ಐದು ತೂತುಗಳಲ್ಲಿ ಮದ್ದು. ಐದೂ ಸಿಡಿದವೆಂದುಕೊಂಡು ನಾನು ಕಲ್ಲಿನ ಕಡೆ ಹೊರಟೆ, ಕಾಣದ ಕೈಯೊಂದು ನನ್ನ ಕಾಲು ಹಿಡಿದು ನಿಲ್ಲಿಸಿತು, ನನ್ನನ್ನು ದಾಟಿ ಹೋದ ಕುಪ್ಪ ಉಳಿದಿದ್ದ ಮದ್ದು ಸಿಡಿದು ಅಲ್ಲೇ ಸತ್ತ, ನಾನು ಉಳಿದೆ. ಕೇಳಿ ನೀವೆಲ್ಲ ದೇವರಿಗೆ ಸ್ತೋತ್ರ ಎಂದಿರಿ. ಕಣ್ಣೀರು ಒರೆಸಿಕೊಂಡಿರಿ.

ಕ್ವಾರಿಯಲ್ಲಿ ಒಂದು ಕಟ್ಟಳೆಯಿದೆ. ಬತ್ತಿ ಹಚ್ಚಿದವನೇ ಸದ್ದು ಎಣಿಸಬೇಕು. ಒಂದು ಕಡಿಮೆಯಾದರೆ ಎಲ್ಲರೂ ಒಂದು ತಾಸು ದೂರ ನಿಲ್ಲಬೇಕು. ಆಮೇಲೆ ಸಿಡಿಯದ ಮದ್ದನ್ನು ನೋಡಲು ಹಚ್ಚಿದವನೇ ಹೋಗಬೇಕು, ಅವನೊಬ್ಬನೇ. ಹಿಂದಿನ ವರ್ಷ ನಮ್ಮ ಕ್ವಾರಿಯ ದೇವು ಹಾಗೆ ಹೋಗಿ ಎರಡೂ ಕೈ ಕಳೆದುಕೊಂಡಿದ್ದ. ಅವನನ್ನು ಲಾರಿಗೆ ಎತ್ತಿ ಹಾಕಿದವನು ನಾನು.

ಆ ದಿನ ನನಗೆ ಕೇಳಿದ್ದು ನಾಲ್ಕು.

ಇನ್ನೊಮ್ಮೆ ಹೇಳುತ್ತೇನೆ. ನಾಲ್ಕು. ಐದನೆಯದಕ್ಕೆ ಕಾದೆ. ಬರಲಿಲ್ಲ. ದೇವುವಿನ ಕೈ ಕಣ್ಣ ಮುಂದೆ ಬಂತು. ಎರಡು ಒಟ್ಟಿಗೇ ಸಿಡಿದಿರಬಹುದಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಅಷ್ಟರಲ್ಲಿ ಕುಪ್ಪ ಹಾರೆ ಹೆಗಲಿಗಿಟ್ಟು ಕೇಳಿದ:

"ಐದೂ ಆಯ್ತನ ಬೊಮ್ಮಣ್ಣ?"

"ಆಯ್ತು, ಹೋಗು."

ಅವನು ಹೋದ. ನಾನು ನಿಂತೆ. ನನ್ನ ಕಾಲು ಹಿಡಿದದ್ದು ಯಾವ ಕೈಯೂ ಅಲ್ಲ. ಭಯ. ಕುಪ್ಪ ಹಾರೆ ಹಾಕಿದ ಮೇಲೆ ಐದನೆಯದು ಕೇಳಿತು.

ಸಂಘದ ಗೆಳೆಯರೇ, ತಲೆ ತಗ್ಗಿಸಬೇಡಿ. ಕ್ವಾರಿ ಮಾಲೀಕ ಲೈಸೆನ್ಸಿಲ್ಲದೆ ಮದ್ದು ತರಿಸಿದ್ದು ಸುಳ್ಳೇ? ಹಚ್ಚಿದವನಿಗೆ ಓಡಲು ಹೊತ್ತು ಸಿಗದ ಗಿಡ್ಡ ಬತ್ತಿ ಕೊಟ್ಟದ್ದು ಸುಳ್ಳೇ? ಅವನ ವಿರುದ್ಧ ಕೂಗಿದ ಒಂದು ಅಕ್ಷರವನ್ನೂ ನಾನು ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಅವನ ತಪ್ಪಿನ ದೊಡ್ಡ ಮರೆಯಲ್ಲಿ ನನ್ನ ತಪ್ಪನ್ನು ಆರು ವರ್ಷ ಬಚ್ಚಿಟ್ಟೆ. ಕುಪ್ಪನ ಹೆಣದ ಮುಂದೆ ನಿಂತು ಮಾಡಿದ ಭಾಷಣದಿಂದಲೇ ನಾನು ಮುಖಂಡನಾದೆ.

ಈ ಮಂದಿರಕ್ಕೆ ಯಾಕೆ ಬಂದೆ? ದೇವರನ್ನು ಹುಡುಕಿಕೊಂಡೇ? ಇಲ್ಲ. ಹೊನ್ನುವಿಗೆ ಏನಾದರೂ ಗೊತ್ತಾಗಿದೆಯೇ ಎಂದು ನೋಡಲು ಬಂದೆ. ಅವಳು ಚಾಪೆ ಸರಿಸಿ ಜಾಗ ಮಾಡಿದಳು. ಹೆದರಿ ಬಾಯಿಗೆ ಬಂದ ಸಾಕ್ಷಿ ಹೇಳಿದೆ. ನೀವು ಮೆಚ್ಚಿದಿರಿ. ಮುಂದಿನ ವಾರ ಇನ್ನಷ್ಟು ಚೆನ್ನಾಗಿ ಹೇಳಿದೆ. ಪ್ರಾರ್ಥನೆಯನ್ನೂ ಕಲಿತೆ. ಜಿಲ್ಲಾಧಿಕಾರಿಗೆ ಮನವಿ ಕೊಡುವ ಹಾಗೆ ದೇವರಿಗೂ ಕೊಡುತ್ತಿದ್ದೆ. ನಮ್ಮನ್ನು ಆಶೀರ್ವದಿಸು, ನಮ್ಮ ಬೇಡಿಕೆ ಈಡೇರಿಸು. ಧರಣಿ ಕೂರುತ್ತೇವೆ ಎನ್ನುವುದೊಂದು ಬಾಕಿ. ಒಬ್ಬನೇ ಕೂತು ಕಣ್ಣು ಮುಚ್ಚಿದರೆ ಮಾತ್ರ ನಾಲ್ಕು ಸದ್ದು ಕೇಳುತ್ತಿತ್ತು. ಐದನೆಯದು ಬರುವ ಮೊದಲೇ ಆಮೆನ್ ಎಂದು ಏಳುತ್ತಿದ್ದೆ. ಆರು ವರ್ಷದಲ್ಲಿ ಒಮ್ಮೆಯೂ ನನ್ನ ಪ್ರಾರ್ಥನೆ ಮುಗಿದಿಲ್ಲ.

ಕಳೆದ ಬುಧವಾರ ಕೂಟ ಮುಗಿದ ಮೇಲೆ ಹೊನ್ನು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದಳು. ಹತ್ತು ವರ್ಷದ ಈ ಸಭೆಯೊಂದಕ್ಕೆ ಬಂದು ಆಮೇಲೆ ಬರುವುದಿಲ್ಲ, ದೇವರೆಂದರೆ ಹೆದರಿಕೆ ಎಂದಳು. ಯಾಕೆಂದು ಕೇಳಿದೆ.

"ನಿನ್ನ ಕಾಲು ಹಿಡ್ದಾಂವ ಇವ್ರ ಕಾಲು ಎಂತಕ್ಕೆ ಹಿಡೀಲಿಲ್ಲ ಬೊಮ್ಮಣ್ಣ? ಇವ್ರ ಮೇಲೆ ಅವ್ನಿಗೆ ಅಷ್ಟು ಸಿಟ್ಟಿತ್ತನ?"

ನಾನು ಕೊಂದದ್ದು ಒಬ್ಬನನ್ನು ಎಂದುಕೊಂಡಿದ್ದೆ. ಆ ಕೊಲೆಯನ್ನು ದೇವರ ಮೇಲೆ ಹೊರಿಸಿ, ಈ ಹೆಂಗಸಿಗೆ ಉಳಿದಿದ್ದ ಒಬ್ಬನೇ ಒಬ್ಬ ಜೊತೆಗಾರನನ್ನೂ ಕಿತ್ತುಕೊಂಡಿದ್ದೆ. ಅವಳ ಮುಖ ನೋಡಲಾಗದೆ ಅಲ್ಲಿಂದಲೂ ಓಡಿದೆ.

ಇವತ್ತು ಬೆಳಿಗ್ಗೆ ಕಡಲ ಬೇಲೆಯ ಮರಳಲ್ಲಿ ಒಬ್ಬನೇ ಕೂತು ಬಾಯಿ ಬಿಟ್ಟು ಹೇಳಿದೆ: ನಾನು ಸುಳ್ಳು ಹೇಳಿದೆ, ನನಗೆ ನಾಲ್ಕೇ ಕೇಳಿತ್ತು. 'ನಾನು' ಎನ್ನಲು ಎಷ್ಟು ಹೊತ್ತು ಹಿಡಿಯಿತು ಗೊತ್ತೇ? ಸಮಾಧಾನ ಸಿಕ್ಕಿತು ಎಂದರೆ ಅದು ಇನ್ನೊಂದು ಸುಳ್ಳು ಸಾಕ್ಷಿ. ಭಯ ಹೆಚ್ಚಾಯಿತು. ಯಾಕೆಂದರೆ, ಸಭಿಕರೇ, ಯಾರೋ ಕೇಳಿಸಿಕೊಂಡ ಹಾಗಾಯಿತು. ಹತ್ತಿರದಲ್ಲೇ ಕೂತು, ಮಧ್ಯೆ ಬಾಯಿ ಹಾಕದೆ, ಪೂರ್ತಿ ಕೇಳಿಸಿಕೊಂಡ ಹಾಗೆ. ಇಷ್ಟು ವರ್ಷ ಯಾರೂ ಇಲ್ಲ ಎಂದು ಹೆದರಿದ್ದೆ. ಇದ್ದಾನೆ ಎಂಬ ಭಯ ಅದಕ್ಕಿಂತ ದೊಡ್ಡದು. ಆದರೆ ಆ ಭಯದಿಂದ ಎದ್ದು ಓಡಬೇಕು ಎನ್ನಿಸಲಿಲ್ಲ. ನನಗೂ ದೇವರಿಗೂ ಇರುವ ಸಂಬಂಧ ಇಷ್ಟೇ, ಇವತ್ತು ಬೆಳಿಗ್ಗೆಯಿಂದ ಶುರುವಾದದ್ದು.

ಹೊನ್ನು, ಕುಪ್ಪನ ಮೇಲೆ ದೇವರಿಗೆ ಸಿಟ್ಟಿರಲಿಲ್ಲ. ಹೋಗು ಎಂದವನು ನಾನು. ನಾಳೆ ಪೊಲೀಸ್ ಠಾಣೆಯಲ್ಲೂ ಇದನ್ನೇ ಹೇಳುತ್ತೇನೆ. ಇದಕ್ಕಾಗಿ ನನ್ನನ್ನು ಕ್ಷಮಿಸು ಎಂದು ಈ ಸಭೆಯ ಮುಂದೆ ಕೇಳುವುದಿಲ್ಲ. ಸಭೆಯ ಮುಂದೆ ಕೇಳಿದರೆ ನೀನು ಇಲ್ಲ ಎನ್ನುವುದು ಕಷ್ಟ.

ಅವಳು ಎದ್ದು ನಿಂತಿದ್ದಾಳೆ. ದಯವಿಟ್ಟು ದಾರಿ ಬಿಡಿ, ಯಾರೂ ಅವಳ ಕೈ ಹಿಡಿಯಬೇಡಿ. ಬಾಗಿಲ ಕಡೆ ಹೋಗುವುದಾದರೆ ಹೋಗಲಿ, ನನ್ನ ಕಡೆ ಬರುವುದಾದರೆ ಬರಲಿ. ನನಗೆ ತುಂಬ ಹೆದರಿಕೆಯಾಗುತ್ತಿದೆ. ಆದರೂ ಇಲ್ಲೇ ನಿಂತಿರುತ್ತೇನೆ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮ್ಮೆಲ್ಲರ ಉಪಕಾರ. ನಮಸ್ಕಾರ.