ರಾಮಪ್ಪನ ಹೆಸರಿನ ಮುಂದಿನ ಸೊನ್ನೆ

ಹಲೋ... ಹಲೋ, ಯಾರ ಮಾತಾಡೋದ್ರಿ? ತಂಬೂರ ಊರಿನ ರಾಮಪ್ಪನವರ ಮನಿ ಅಲ್ರೀ ಇದು?

... ಭಾಗ್ಯಾ? ನೀ ಭಾಗ್ಯಾ ಏನವಾ? ನಾನು ರುಬಿಯಾ, ಅಣ್ಣಿಗೇರಿಯಿಂದ. ಹಮಾಲರ ಸಂಘದ ಆಫೀಸು. ನಿಮ್ಮ ಅಪ್ಪಾರು ಇಲ್ಲಿ ಚೀಲ ಹೊರ್ತಿದ್ರಲ್ಲ, ಅದ ಸಂಘ. ನೀ ಸಣ್ಣಾಕಿ ಇದ್ದಾಗ ಅವರ ಕೂಡ ಒಮ್ಮೆ ಬಂದಿದ್ದಿ. ನನ್ನ ಕುರ್ಚಿ ಮ್ಯಾಲ ಕುಂತು ಗಿರಗಿರ ತಿರುಗಿದ್ದಿ.

... ಹಾಂ, ಅದ ರುಬಿಯಾ. ಕಂಪ್ಯೂಟರ್ ಮುಂದ ಕುಂದರಾಕಿ.

... ಇಡಬ್ಯಾಡ. ಫೋನ್ ಇಡಬ್ಯಾಡ ತಂಗಿ. ಮುಂಜಾನಿ ಒಂಬತ್ತರಿಂದ ಹಚ್ಚಾಕತ್ತೇನಿ, ಸ್ವಿಚ್ ಆಫ್ ಅಂತ ಬರ್ತಿತ್ತು. ಸೋಮವಾರ ಮಧ್ಯಾಹ್ನ ನಿಮ್ಮ ಫೋನಿಗೆ ಸಂಘದ ಪೋರ್ಟಲಿನಿಂದ ಒಂದು ಮೆಸೇಜ್ ಬಂದೈತಲ್ಲ? ಅದನ್ನ... ಅದನ್ನ ನೀ ಓದಿದಿ ಏನು?

... ಅವ್ವಗ ಓದಿ ಹೇಳಿದಿ?

... ಅವತ್ತ ಹೇಳಿದಿ. ಬಂದ ಕೂಡ್ಲೆ.

... ಇಲ್ಲ, ಅದೇನಿ, ಇಲ್ಲೇ ಅದೇನಿ. ಇವತ್ತು ಬುಧವಾರ, ಅಂದ್ರ ಎರಡು ದಿನ ಆತು. ಯಾರೂ ಓದಿರಬಾರದು ಅಂತ ಮುಂಜಾನಿಯಿಂದ ಬೇಡಕೋತ ಕುಂತಿದ್ದೆ.

... ಅಪ್ಪಾರು ಎಲ್ಲಿ ಸಿಕ್ರು ಅಂದ್ರ? ... ಹೌದು, ಮೆಸೇಜಿನ್ಯಾಗ ಎಲ್ಲಿ ಅಂತ ಇಲ್ಲ. ಏನು? ಸುದೀಪ ಕಾಕಾ ಹೋಗ್ಯಾನ? ಹುಬ್ಬಳ್ಳಿಗೆ? ಅಪ್ಪಾರ ಫೋಟೋ ತಗೊಂಡು ದವಾಖಾನಿ ದವಾಖಾನಿ... ನೋಡು, ನಮ್ಮ ಮಾತು ಮುಗದ ಕೂಡ್ಲೆ ಕಾಕಾಗ ಫೋನ್ ಹಚ್ಚು. ಹೊಳ್ಳಿ ಬಾ ಅನ್ನು. ಹುಡುಕೂದು ಬ್ಯಾಡ.

... ಯಾಕಂದ್ರ ಆ ಮೆಸೇಜು ತಪ್ಪು. ನಿಮ್ಮ ಅಪ್ಪಾರು ಕಾಣಿಯಾಗಿ ಆರು ವರ್ಷ ಆತು, ಅವರ ಸುದ್ದಿ ನಮಗ ಇನ್ನೂ ಏನೂ ಬಂದಿಲ್ಲ. ನನ್ನ ಕೈಯಿಂದ ತಪ್ಪಾತು, ಭಾಗ್ಯಾ.

...

ಹೇಳ್ತೇನಿ. ನೀ ಕಾಲೇಜಿಗೆ ಹೋಗಾಕಿ, ನಿನಗ ತಿಳೀತೈತಿ. ನಮ್ಮ ಪೋರ್ಟಲ್ ಹಳೇದಾಗಿತ್ತು, ಅಪ್‌ಗ್ರೇಡ್ ಮಾಡಬೇಕಿತ್ತು. ಅದಕ್ಕ ಒಂದು ಟೂಲ್ ಕೊಟ್ಟಾರ. ಬಟನ್ ಇಲ್ಲ, ಚಿತ್ರ ಇಲ್ಲ. ಒಂದು ಕರೀ ಕಿಟಕಿ ತೆರೀತೈತಿ, ಅದರಾಗ ಕಮಾಂಡ್ ಟೈಪ್ ಮಾಡಿ ಎಂಟರ್ ಹೊಡೀಬೇಕು. ಅದಕ್ಕಿಂತ ಮೊದಲ ಕಾನ್ಫಿಗ್ ಫೈಲ್ ಅಂತ ಒಂದನ್ನ ತುಂಬಬೇಕು. ಹಳೇ ಪಟ್ಟಿ ಎಲ್ಲೈತಿ, ಹೊಸಾದನ್ನ ಎಲ್ಲಿ ಇಡಬೇಕು, ಎಲ್ಲಾ ಬರದೆ. ಕಡೀಕ ಒಂದು ಸಾಲು ಉಳೀತು. ಹಳೇ ಪಟ್ಟಿಯಾಗ ಖಾಲಿ ಇದ್ದ ಕಾಲಂಗೆ ಏನು ತುಂಬಬೇಕು ಅಂತ. ಅಲ್ಲಿ ನಾ ಸೊನ್ನಿ ಹಾಕಿದೆ.

... ಸೊನ್ನಿ ಅಂದ್ರ ಏನೂ ಇಲ್ಲ ಅಂತ ತಿಳಕೊಂಡೆ. ಖಾಲಿ ಇದ್ದದ್ದು ಖಾಲಿನ ಉಳೀತೈತಿ ಅಂತ. ಹೊಸ ಪೋರ್ಟಲಿನ್ಯಾಗ ಒಂದು ಅಂದ್ರ ಕೆಲಸದಾಗ ಅದಾರ, ಎರಡು ಅಂದ್ರ ನಿವೃತ್ತಿ. ಸೊನ್ನಿ ಅಂದ್ರ... ಸೊನ್ನಿ ಅಂದ್ರ ತೀರಿಕೊಂಡಾರ.

... ಒಬ್ಬರಿಗಷ್ಟ. ಆರನೂರಾ ಹನ್ನೆರಡು ಮಂದಿಯೊಳಗ ಖಾಲಿ ಇದ್ದದ್ದು ಒಂದ ಹೆಸರಿನ ಮುಂದ. ಮೆಸೇಜ್ ಕಳಸಬೇಕೇನು ಅಂತ ಟೂಲ್ ಕೇಳ್ತು, ಹೌದು ಅಂದೆ. ಎಲ್ಲಾರಿಗೂ ಹೊಸ ಪೋರ್ಟಲಿಗೆ ಸ್ವಾಗತ ಅಂತ ಹೋತು. ನಿಮ್ಮ ಮನಿಗೆ ಸಂತಾಪ ಅಂತ ಬಂತು. ಇವತ್ತು ಮುಂಜಾನಿ ಪಟ್ಟಿ ಪ್ರಿಂಟ್ ತಗದಾಗ ಕಣ್ಣಿಗೆ ಬಿತ್ತು.

... ಅನ್ನು. ಅನ್ನು ತಂಗಿ. ಸೊನ್ನಿ ಅಂದ್ರೇನು ಅಂತ ಗೊತ್ತಿಲ್ದಾಕಿ ಕಂಪ್ಯೂಟರ್ ಮುಂದ ಕುಂದರಬಾರದು, ಎಮ್ಮಿ ಮುಂದ ಕುಂದರಬೇಕು. ಖರೇ ಐತಿ. ಸಂಜಿ ಕ್ಲಾಸಿನ್ಯಾಗ ಒಂದೂವರಿ ವರ್ಷ ಕಲ್ತಾಕಿ ನಾನು. ಕ್ಲಾಸಿನ್ಯಾಗ ಎಲ್ಲಾರಿಗಿಂತ ಹೆಚ್ಚು ಪ್ರಶ್ನೆ ಕೇಳಾಕಿ ನಾನ. ಆ ಒಂದು ಸಾಲಿನ ಸಲುವಾಗಿ ಯಾರನ್ನೂ ಕೇಳಲಿಲ್ಲ ನೋಡು.

... ಅವ್ವಗ ನೀ ಹೇಳ್ತಿ ಏನು?

... ಹೌದು. ಮಾಡಿದಾಕಿ ನಾನು, ನಾನ ಹೇಳಬೇಕು. ಕೊಡು.

...

ಹಲೋ... ನಮಸ್ಕಾರ್ರಿ ಅಕ್ಕಾರ. ನಾ ರುಬಿಯಾ ರೀ, ಸಂಘದಾಕಿ.

... ನನ್ನ ಊಟ ಆತ್ರಿ. ನಿಮ್ಮದು? ... ನಿನ್ನಿ ಸಂಜಿ ಒಂದು ತುತ್ತು ತಿಂದಿರಿ. ಹೂಂ.

... ನಮಗ್ಯಾಕ್ರೀ ಉಪಕಾರ? ... ಅಕ್ಕಾರ, ಹಂಗ ಅನಬ್ಯಾಡ್ರಿ. ಆರು ವರ್ಷ ಯಾರೂ ಏನೂ ಹೇಳಲಿಲ್ಲ, ಸಂಘದವರರ ಹೇಳಿದ್ರು ಅಂತೀರಿ. ನನಗ ಆ ಮಾತು ಕೇಳಾಕ ಆಗವಲ್ದ್ರಿ.

... ಬಳಿ ತಗದ್ರಾ. ... ಓಣಿ ಹೆಣ್ಣಮಕ್ಕಳು ಕೂಡಿ ತಗದ್ರು.

... ಸೋಮವಾರ ಎಲ್ಲಾ ಅತ್ರಿ. ಆಮ್ಯಾಲ ನಿದ್ದಿ ಬಂತು. ... ಹೌದ್ರಿ? ನಡುವ ಒಮ್ಮೇನೂ ಎಚ್ಚರಾಗಲಿಲ್ಲ? ಆರು ವರ್ಷದಾಗ ಹಂಗ ಮಲಗಿದ್ದ ಇಲ್ಲ ಅಂತೀರಿ.

... ಅಕ್ಕಾರ, ಒಂದು ಮಾತು ಹೇಳೂದೈತಿ. ಕುಂತೀರೇನು? ಕುಂದರ್ರಿ ಜರಾ. ಭಾಗ್ಯಾನ ಬಾಜೂಕ ಕರಕೊಳ್ರಿ.

... ಆ ಮೆಸೇಜು ಖರೇ ಅಲ್ರಿ.

...

ನಾ ತಪ್ಪು ಬರದೆ. ಕಂಪ್ಯೂಟರ್ ತಪ್ಪು ಮಾಡ್ತು ಅನ್ನಂಗಿಲ್ಲ ನಾನು, ನನ್ನ ಬೆರಳಿಂದ ಆತು. ಅಣ್ಣಾರು ತೀರಿಕೊಂಡಾರ ಅಂತ ನಮಗ ಯಾರೂ ಹೇಳಿಲ್ರಿ.

...

ಅಕ್ಕಾರ? ಅದೀರಿ?

... ಇಲ್ರಿ. ಅದಾರ ಅಂತನೂ ಯಾರೂ ಹೇಳಿಲ್ಲ. ಅದನ್ನೂ ನಾ ಹೇಳಾಕ ಬರಂಗಿಲ್ರಿ. ಅವತ್ತು ಹೆಗಲ ಮ್ಯಾಲಿನ ಚೀಲ ಇಳಿಸಿ, ಚಾ ಕುಡದು ಬರ್ತೇನಿ ಅಂತ ಹೋದ್ರಲ್ಲ, ಅಷ್ಟ ಗೊತ್ತಿರೂದು. ಅವತ್ತು ಎಷ್ಟು ಗೊತ್ತಿತ್ತೋ ಇವತ್ತೂ ಅಷ್ಟ.

... ಬೈರಿ ನನಗ. ಭಾಗ್ಯಾ ಬೈದ್ಲು, ಚಲೋ ಆತು. ಇನ್ನೂ ಒಂದು ಹೇಳ್ತೇನಿ, ಕೇಳಿ ಬೈರಿ. ಸೋಮವಾರ ಅಪ್‌ಗ್ರೇಡ್ ಸುರಳೀತ ಆತು ಅಂತ ನಾ ಆಫೀಸಿನ್ಯಾಗ ಫೇಡೆ ಹಂಚಿದೆ. ನೀವು ಅಲ್ಲಿ ಅಳೂ ಹೊತ್ತಿಗೆ ನಾ ಇಲ್ಲಿ ಫೇಡೆ ತಿನ್ನಾಕತ್ತಿದ್ದೆ.

... ನನ್ನ ನೌಕರಿನಾ? ಇರಲಿ ಬಿಡ್ರಿ, ಅದರ ಚಿಂತಿ ನಿಮಗ್ಯಾಕ. ಇಲ್ಲ, ಕಾರ್ಯದರ್ಶಿ ಸಾಹೇಬ್ರು ಬೈಲಿಲ್ಲ. ಮೊದಲ ಆ ಮನಿಗೆ ಫೋನ್ ಮಾಡು ಅಂದ್ರು.

... ಬಳಿ ಹೊಳ್ಳಿ ಹಾಕೋಬೇಕೋ ಬ್ಯಾಡೋ ಅಂದ್ರ... ನಾ ಏನು ಹೇಳಲ್ರಿ ಅಕ್ಕಾರ. ನನಗ ಗೊತ್ತಿಲ್ರಿ.

... ಹೌದ್ರಿ, ಸೊನ್ನಿ ಅಂದ್ರೇನು, ಒಂದು ಅಂದ್ರೇನು ಅಂತ ಭಾಗ್ಯಾ ಬಾಜೂಕ ಹೇಳಾಕತ್ತಿದ್ದು ಖರೇ. ಆ ಕಾಲಂ ಖಾಲಿ ಬಿಟ್ಟಾಕಿನೂ ನಾನ. ಪ್ರತಿ ವರ್ಷ ಪಟ್ಟಿ ಹೊಸಾದು ಮಾಡುವಾಗ ಅಣ್ಣಾರ ಹೆಸರು ಬಂದ ಕೂಡ್ಲೆ ನಿಂದರ್ತಿದ್ದೆ. ಏನು ಬರೀಬೇಕೋ ತಿಳೀತಿರಲಿಲ್ಲ. ಸುಮ್ಮನ ಮುಂದಿನ ಹೆಸರಿಗೆ ಹೋಗಿಬಿಡ್ತಿದ್ದೆ. ಕೋಳಿ ಕಾಳು ಹೆಕ್ಕಿದಂಗ ಟೈಪ್ ಮಾಡ್ತಿ ನೋಡವಾ ಅಂತ ನನ್ನ ಕಾಡಸ್ತಿದ್ರು ಅವರು. ಅವರ ಹೆಸರಿಗೆ ಒಂದು ಅಂಕಿ ಹಾಕಾಕ ನನಗ ಬೆರಳು ಏಳ್ತಿರಲಿಲ್ರಿ.

... ಈಗ ಏನು ಬರೀತಿ ಅಂತೀರಾ? ಅದನ್ನ ಕೇಳಾಕನೂ ಫೋನ್ ಮಾಡಿದೆ ಅಕ್ಕಾರ. ಹೊಸ ಪೋರ್ಟಲ್ ಖಾಲಿ ತಗೊಳ್ಳಂಗಿಲ್ಲ. ಐದು ಗಂಟೆಕ್ಕ ಹಳೇ ಪೋರ್ಟಲ್ ಬಂದ್ ಆಗ್ತೈತಿ. ಅಷ್ಟರಾಗ ನಾ ಆ ಸಾಲು ತಿದ್ದಿ, ಟೂಲನ್ನ ಇನ್ನೊಮ್ಮೆ ಓಡಸಬೇಕು. ಈಗ ನಾಲ್ಕೂ ಇಪ್ಪತ್ತು. ಕಾಣಿಯಾಗ್ಯಾರ ಅನ್ನಾಕ ಒಂದು ಅಂಕಿ ಇರ್ತೈತೇನೋ ಅಂತ, ಪೋರ್ಟಲ್ ಮಾಡಿದವರಿಗೆ ಕೇಳಿದೆ. ಇಲ್ಲ ಅಂದ್ರು. ಒಂದು ಹೆಸರಿನ ಸಲುವಾಗಿ ಯಾಕಿಷ್ಟು ಒದ್ದಾಡ್ತೀರಿ ಮೇಡಂ, ಯಾವುದರ ಒಂದು ಹಾಕ್ರಿ ಅಂದ್ರು.

... ಹೌದ್ರಿ. ಆ ಕಂಪ್ಯೂಟರಿನ ಗಂಡ ಕಾಣಿಯಾಗಿಲ್ಲಲ್ಲ, ಅದಕ್ಕೇನು ಗೊತ್ತು ಅಂತೀರಿ. ... ನೀವು ನಗಾಕತ್ತೀರೋ ಅಳಾಕತ್ತೀರೋ ನನಗ ಇಲ್ಲಿಂದ ತಿಳೀವಲ್ದ್ರಿ.

... ಬ್ಯಾರೇ ದಾರಿ ಒಂದೈತಿ. ಆ ಹೆಸರು ಬಿಟ್ಟು ಮುಂದ ಹೋಗು ಅಂತ ಬರೀಬಹುದು. ಹಂಗ ಬರದ್ರ ಪಟ್ಟಿಯಾಗ ಹೆಸರ ಇರಂಗಿಲ್ಲ.

... ಇಲ್ರಿ, ತೆಗಿಯಂಗಿಲ್ಲ. ನೀವು ಬ್ಯಾಡ ಅಂದ ಮ್ಯಾಲ ತೆಗಿಯಂಗಿಲ್ಲ.

... ಸೊನ್ನಿನ ಇರಲಿ ಅಂತೀರಾ?

... ಹೂಂ... ಹೂಂ... ಅತ್ತು ಮುಗಸೇನಿ, ಈಗ ಮತ್ತ ಹೊಳ್ಳಿ ಕಾಯಾಕ ಹಚ್ಚಬ್ಯಾಡ್ರಿ ಅಂತೀರಿ. ತಿಳೀತ್ರಿ. ... ಇಲ್ಲ, ತಿಳೀತು ಅನ್ನಾಕ ನಾ ಯಾರು. ಕೇಳಿಸಿಕೊಂಡೆ.

... ನಂದೊಂದು ಅಡಚಣಿ ಐತ್ರಿ. ಸೋಮವಾರ ತಪ್ಪಿ ಬಿದ್ದ ಸೊನ್ನಿ ಅದು. ಇವತ್ತು ಇಟ್ರ ತಿಳದು ಇಟ್ಟಂಗ. ಹಂಗ ಇಡಬೇಕಂದ್ರ ಮನಿಯವರು ಬರದು ಕೊಡಲಿ ಅಂದಾರ ಸಾಹೇಬ್ರು. ಉದ್ದೇನಿಲ್ಲ, ಒಂದ ಸಾಲು. ನನ್ನ ಗಂಡ ತೀರಿಕೊಂಡಾರ ಅಂತ. ಭಾಗ್ಯಾ ಬರೀಲಿ, ನೀವು ಸಹಿ... ಹಾಂ, ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿದ್ರ ಸಾಕು. ಅದರ ಫೋಟೋ ಹೊಡದು ಭಾಗ್ಯಾ ನನಗ ಕಳಸಲಿ. ನಾ ಆ ಸೊನ್ನಿ ಮುಟ್ಟಂಗಿಲ್ಲ.

...

ಅಕ್ಕಾರ?

...

ಒತ್ತಾಕ ಆಗಂಗಿಲ್ಲ ಅಂತೀರಿ.

... ಮಂದಿ ಹೇಳಿದ್ರ ಕೇಳಬಹುದು. ನೀವ ಹೇಳಾಕ... ಹೌದ್ರಿ. ಹೌದ್ರಿ ಅಕ್ಕಾರ. ನಿಮ್ಮ ಕೈಲೆ ಅದನ್ನ ಒತ್ತಸಬಾರದು. ನಾ ಕೇಳಬಾರದಿತ್ತು.

... ಅಳ್ರಿ. ನಾ ಇಲ್ಲೇ ಇರ್ತೇನಿ.

...

ಒಂದಾ? ಒಂದು ಅಂದ್ರ ಕೆಲಸದಾಗ ಅದಾರ ಅಂತ ಬರ್ತೈತ್ರಿ.

... ಬರ್ತೈತಿ ಅಂತ ಗೊತ್ತಿದ್ದ ಹೇಳಾಕತ್ತೀರಿ.

... ಬರೀತೇನಿ. ತಡೀರಿ, ಫೋನ್ ಹೆಗಲಿಗೆ ಒತ್ತಿ ಹಿಡಕೋತೇನಿ. ... ಫೈಲ್ ತೆರದೆ. ಸೊನ್ನಿ ಅಳಿಸಿದೆ. ಒಂದು ಹಾಕಿದೆ. ಮೆಸೇಜ್ ಹೋಗೂದು ಬಂದ್ ಮಾಡೇನಿ, ಮೂರು ಸಲ ನೋಡಿದೆ. ನಿಮ್ಮ ಫೋನಿಗೆ ಇನ್ನೇನೂ ಬರಂಗಿಲ್ಲ. ಎಂಟರ್ ಹೊಡಿಯೂದಷ್ಟ ಉಳೀತು. ಹೊಡೀಲ್ರೀ?

... ಹೊಡದೆ.

... ಸಾಲು ಸಾಲು ಓಡಾಕತ್ತಾವು. ನೂರು... ಮುನ್ನೂರು... ಐನೂರು... ಮುಗೀತ್ರಿ. ಆರನೂರಾ ಹನ್ನೆರಡಕ್ಕ ಆರನೂರಾ ಹನ್ನೆರಡು. ಅಣ್ಣಾರ ಹೆಸರು ತಗದು ನೋಡ್ತೇನಿ. ಹಾಂ, ಬಂತು. ಊರು ತಂಬೂರ. ಕೆಲಸದಾಗ ಅದಾರ.

...

ಅಕ್ಕಾರ? ಕೇಳಸಾಕತ್ತೈತ್ರೀ? ... ಏನದು ಸಪ್ಪಳ? ಯಾರೋ ಹಾರ್ನ್ ಹೊಡದಂಗಾತು.

... ಭಾಗ್ಯಾ? ಅವ್ವ ಎಲ್ಲಿ?

... ಕಲಘಟಗಿ ಬಸ್ಸು? ಈಗ ಬಸ್ಸು ಹಿಡದು ಎಲ್ಲಿಗೆ ಹೊಂಟ್ರು?

... ಹತ್ತಾಕಲ್ಲ. ಯಾರು ಇಳೀತಾರ ಅಂತ ನೋಡಾಕ.

... ದಿನಾನೂ? ... ಅಲ್ವಾ, ಆರು ವರ್ಷ? ಬಸ್ಸಿನ ಸಪ್ಪಳ ಕೇಳಿದ ಕೂಡ್ಲೆ, ಕೈಯಾಗಿನ ಕೆಲಸ ಬಿಟ್ಟು?

... ನಿನ್ನಿ?

... ನಿನ್ನಿ ಎದ್ದಿರಲಿಲ್ಲ. ಒಳಗ ಅಕ್ಕಿ ಹಸನ ಮಾಡ್ಕೋತ ಕುಂತಿದ್ರು. ಮೊದಲನೇ ಸಲ.

...

ಈಗ ಎದ್ದು ಹೋದ್ರು.

... ಇಲ್ಲ, ಅಳಾಕತ್ತಿಲ್ಲ ನಾನು. ನೀ ಬಾಗಲಕ್ಕ ಹೋಗು. ಹೋಗಿ ಅವರ ಬಾಜೂಕ ನಿಂದರು. ಫೋನ್ ಕೈಯಾಗ ಇರಲಿ, ಇಡಬ್ಯಾಡ.

... ಬಸ್ಸು ನಿಂತೈತಿ?

... ಯಾರರ ಇಳದ್ರೇನವಾ?

...

ಭಾಗ್ಯಾ? ಹಲೋ... ಹಲೋ...