ಅತ್ತೆಯ ಹೆಬ್ಬೆರಳು

ಕೆಮ್ಮಿಗೆ ಔಷಧಿ ಬರೆಸಿಕೊಳ್ಳಲು ಕ್ಲಿನಿಕ್ಕಿಗೆ ಬಂದಿದ್ದ ಪೋಸ್ಟ್‌ಮ್ಯಾನ್, ಪಕ್ಕದ ಅತ್ತೆ-ಸೊಸೆಯರ ಮಾತು ಎಲ್ಲಿ ತಪ್ಪಿಹೋಗುತ್ತೋ ಅಂತ ಕೆಮ್ಮನ್ನೇ ನುಂಗಿಕೊಂಡು ಕೂತಿದ್ದ. ಅತ್ತೆಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

“ಬೇಡ ಬೇಡ ಅಂದ್ರೂ ಚಾಕು ಮೇಲೆ ಬೆರಳು ಆಡಿಸಿಬಿಟ್ರಲ್ಲಾ ಅತ್ತೆ!”

“ನೀನು ಮಸೆಯೋಕೆ ಶುರು ಮಾಡಿದಾಗಿಂದ ದಿನಾ ಆಡಿಸ್ತಿದ್ದೀನಿ. ಒಂದು ದಿನವಾದ್ರೂ ಕೊಯ್ದಿತ್ತಾ?”

“ಇಲ್ಲ.”

“ಕಲ್ಲಿನ ಮೇಲೆ ನಿನ್ನ ಕೈ ಒಂದ್ಸಲ ಏಳೋದು, ಒಂದ್ಸಲ ಬೀಳೋದು. ಇವತ್ತೇನು ಮಾಡಿದೆ?”

“ನೀವು ಹೇಳಿದ ಹಾಗೇ. ಚಾಕುವಿನ ಬೆನ್ನಿನ ಕೆಳಗೆ ಕಿರುಬೆರಳಷ್ಟು ಸಂದಿ ಬಿಟ್ಟು, ಕೊನೇ ತನಕ ಅದೇ ಓರೆಯಲ್ಲಿ ಎಳೆದೆ.”

“ಅಲ್ಲಾಡಿಸದೆ?”

“ಒಂಚೂರೂ.”

ನರ್ಸ್ ಒಳಗೆ ಕರೆದಳು. ಸೊಸೆಯ ಮುಖ ಚಿಕ್ಕದಾಯಿತು.

“ಡಾಕ್ಟರಿಗೆ ಏನಂತ ಹೇಳೋದು?”

“ನಾನೇ ಹೇಳ್ತೀನಿ. ನನ್ನ ಸೊಸೆ ಕೊನೆಗೂ ಮಸೆಯೋದು ಕಲಿತಳು ಅಂತ.”

ಹೆಬ್ಬೆರಳನ್ನು ಮೇಲೆತ್ತಿಕೊಂಡೇ ಅತ್ತೆ ಒಳಗೆ ನಡೆದರು.