ಒಡ್ಡದ ಸೆರಗು

ಬೆಳಿಗ್ಗೆ ಎಂಟು ಗಂಟೆ. ಒಂದೂರಿನ ಶ್ರೀಮಂತ ವ್ಯಾಪಾರಿಯ ಹೆಂಡತಿ, ಕೆನ್ನೆ ಊದಿಕೊಂಡು, ಆರು ವರ್ಷದ ಮಗಳ ಕೈ ಹಿಡಿದು ತವರಿನ ಬಾಗಿಲಲ್ಲಿ ನಿಂತಿದ್ದಳು.

ಹೊಡೆದವನು ಗಂಡ. ಮೊದಲ ಸಲವೂ ಅಲ್ಲ. ಹಿಂದೆ ಬಂದಾಗಲೆಲ್ಲ ತಾಯಿ ಏನು ಮಾಡುತ್ತಿದ್ದಳು? ಎರಡು ದಿನ ಇಟ್ಟುಕೊಂಡು, ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಉಡಿ ತುಂಬಿ, ಗಂಡನ ಮನೆಗೆ ತಿರುಗಿ ಕಳಿಸುತ್ತಿದ್ದಳು. ನೋಡಿ, ಶಾಸ್ತ್ರಕ್ಕೇನೂ ಕೊರತೆಯಿಲ್ಲ! ಮಗಳೂ ಸೆರಗು ಒಡ್ಡುತ್ತಿದ್ದಳು, ಹೋಗುತ್ತಿದ್ದಳು. ಊರು ಏನೆಂದಿತು? "ಎಂಥ ತಾಳ್ಮೆ! ಹುಟ್ಟುಗುಣ."

ಹುಟ್ಟುಗುಣವೇ? ತೀರಿಹೋದ ಅವಳಪ್ಪನೂ ಹೆಂಡತಿಯನ್ನು ಹೊಡೆಯುತ್ತಿದ್ದ. ಸಂಜೆ ಅವನು ಚಪ್ಪಲಿ ಬಿಟ್ಟ ರೀತಿ ನೋಡಿಯೇ ಈ ಹುಡುಗಿ ಅವನ ಸಿಟ್ಟು ಅಳೆಯುತ್ತಿದ್ದಳು. ಜೋಡಿಸಿಟ್ಟಿದ್ದರೆ ಉಸಿರು ಬಿಡುವುದು, ಎಸೆದಿದ್ದರೆ ಹಿತ್ತಲಿಗೆ ಓಡುವುದು. ಬಾಯಿ ಮುಚ್ಚಿಕೊಂಡರೆ ಏಟು ಬೇಗ ನಿಲ್ಲುತ್ತದೆ ಎಂದು ಕಲಿತಳು. ಕಲಿತಳು, ನೋಡಿ. ಹುಟ್ಟುವಾಗ ತಂದದ್ದಲ್ಲ.

ಈ ಸಲ ತಾಯಿ ಎರಡು ದಿನವೂ ಕಾಯಲಿಲ್ಲ. ಅಳಿಯನ ಫೋನ್ ಬಂದದ್ದೇ ಮೊರದಲ್ಲಿ ಅಕ್ಕಿ ತಂದಳು.

"ಸೆರಗು ಒಡ್ಡವ್ವಾ. ಮಂದಿ ಏನಂದಾರು?"

"ಮಂದಿ ಬಂದು ನನ್ನ ಪಾಲಿನ ಏಟು ತಿಂತಾರೇನು?"

ಮಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಯವ್ವಾ, ನಿನ್ನೆ ಈ ಕೂಸು ಏನಂತು ಗೊತ್ತೇನು? 'ಅಪ್ಪನ ಚಪ್ಪಲಿ ಬೋರಲ ಬಿದ್ದಾವ, ಮಾತಾಡಬ್ಯಾಡ' ಅಂತು. ನನಗ ಯಾರೂ ಕಲಿಸಿರಲಿಲ್ಲ. ಇಕಿಗೂ ಯಾರೂ ಕಲಿಸಿಲ್ಲ. ಈಗ ನಾ ಹೋದ್ರ, ಮುಂದ ಇಕಿ ಊದಿದ ಮುಖ ತಗೊಂಡು ಬರ್ತಾಳ, ನಾ ಉಡಿ ತುಂಬಿ ಕಳಸ್ತೀನಿ. ಒಲ್ಲೆ. ನಾ ಹೋಗಂಗಿಲ್ಲ."

ತಾಯಿ ಮೊಮ್ಮಗಳ ಮುಖ ನೋಡಿದಳು. ಮೊರ ಕೈಯಲ್ಲೇ ಉಳಿಯಿತು.

ತಾಯಂದಿರೇ, ಅಣ್ಣತಮ್ಮಂದಿರೇ, ಪ್ರೀತಿಯಲ್ಲಿ ಬೆಳೆದವಳಿಗೂ ಏಟು ಬಿದ್ದದ್ದುಂಟು, ಜೋರುಬಾಯಿಯವಳಿಗೂ ಬಿದ್ದದ್ದುಂಟು. ತಪ್ಪು ಅವಳ ಗುಣದ್ದಲ್ಲ, ಎತ್ತಿದ ಕೈಯದು. ಅಂಥ ಕೈ ಈ ಸಭೆಯಲ್ಲಿದ್ದರೆ ಇವತ್ತೇ ಇಳಿಯಲಿ. ಹೆಣ್ಣು ನೋಡಲು ಹೋದಾಗ "ಬಾಯಿಲ್ಲದ ಹುಡುಗಿ" ಎಂದು ಹೊಗಳಬೇಡಿ. ಆ ಬಾಯಿ ಎಲ್ಲಿ ಹೋಯಿತೆಂದು ಯೋಚಿಸಿ. ಏಟು ತಿಂದ ಮಗಳು ಬಾಗಿಲಿಗೆ ಬಂದರೆ "ನೀನೇನಂದೆ ಅವನಿಗೆ?" ಎಂದು ಕೇಳಬೇಡಿ. ಒಳಗೆ ಕರೆಯಿರಿ. ಹೋಗು ಎನ್ನಬೇಡಿ. ಉಡಿ ತುಂಬಿದರೂ ಅದು ಹೋಗು ಎಂದ ಹಾಗೆಯೇ.

ಆ ತಾಯಿ ಮೊರದ ಅಕ್ಕಿ ತೊಳೆದು ಒಲೆಗಿಟ್ಟಳು. ಮೂವರೂ ಉಂಡರು. ಮಧ್ಯಾಹ್ನ ಮಗಳ ಜತೆ ಠಾಣೆಗೆ ಹೋಗಿ ದೂರು ಬರೆಸಿದಳು.